ಮೂವರು ಕಟ್ಟಿದ ಮಾಲೆಯಲ್ಲಿ ನಾಲ್ಕು ಹೂವು

ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಮಣ್ಣಿನ ಬ್ಯಾಕ್ಟೀರಿಯವನ್ನು ಒಮ್ಮೆ ಪೆಟ್ರಿ ತಟ್ಟೆಯಲ್ಲಿ ಬೆಳೆಸಿ ನೋಡಿದರೆ ಮತ್ತೆ ಗುರುತು ತಪ್ಪುವುದಿಲ್ಲ. ಮೊದಲೆರಡು ದಿನ ತಟ್ಟೆಯ ಅಗಾರ್ ಎಂಬ ಪೋಷಕ ಜೆಲ್ಲಿಗೆ ಕಚ್ಚಿಕೊಂಡ ಗಟ್ಟಿ ಚುಕ್ಕೆಗಳಷ್ಟೇ ಕಾಣುತ್ತವೆ. ಸೂಜಿಯಿಂದ ಕೆದಕಿದರೂ ಸುಲಭಕ್ಕೆ ಏಳುವುದಿಲ್ಲ, ಒಳಗೆ ಎಳೆಗಳನ್ನು ಬೇರಿನಂತೆ ಇಳಿಸಿರುತ್ತದೆ. ಆಮೇಲೆ ಚುಕ್ಕೆಯ ಮೇಲೆ ಬಿಳಿ ನವಿರು ಏಳುತ್ತದೆ, ಹಳಸಿದ ಇಡ್ಲಿಗೆ ಬೂಷ್ಟು ಬಂದ ಹಾಗೆ. ಆ ನವಿರು ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಸುತ್ತಲಿನ ಅಗಾರ್ ನೀಲಿಯಾಗಿರುತ್ತದೆ, ಕೆಲವು ಕಾಲೊನಿಗಳ ನೆತ್ತಿಯ ಮೇಲಂತೂ ನೀಲಿ ಹನಿಯೇ ಕೂತಿರುತ್ತದೆ. ಸೀಲಿಕಲರ್ ಎಂದರೆ ಬಾನಿನ ಬಣ್ಣದ್ದು ಎಂದರ್ಥ. ಆ ನೀಲಿಯ ಹೆಸರು ಆಕ್ಟಿನೊರೋಡಿನ್. ಆಮ್ಲ ತಗುಲಿದರೆ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿ. ಅರಿಸಿನದ ನೀರಿಗೆ ಸುಣ್ಣ ಬಿದ್ದು ಓಕುಳಿ ಕೆಂಪಾಗುವುದನ್ನು ಚಿಕ್ಕಂದಿನಿಂದ ನೋಡಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ತಟ್ಟೆಯ ಮುಚ್ಚಳ ಸ್ವಲ್ಪ ಸರಿಸಿದರೆ ಮೂಗಿಗೆ ಬರುವುದು ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆಯ ಮಾತು ಮುಂದೆ ಬರುತ್ತದೆ.

ಈ ಬಣ್ಣಗಳಿಗೆ ಮನಸೋತ ಡೇವಿಡ್ ಹಾಪ್‌ವುಡ್ ಎಂಬ ಯುವಕ 1954ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಇದರ ತಳಿವಿಜ್ಞಾನ ಶುರುಮಾಡಿದರು. ಅವರು ಹಿಡಿದ ತಳಿಯ ಹೆಸರು ಎ3(2). ವರ್ಗೀಕರಣದ ಪಂಡಿತರನ್ನು ಕೇಳಿದರೆ ಅದು ನಿಜವಾದ ಸೀಲಿಕಲರ್ ಅಲ್ಲ, ವಯೊಲೇಸಿಯೋರೂಬರ್ ಎಂಬ ದಾಯಾದಿಯ ಗುಂಪಿಗೆ ಸೇರಿದ್ದು ಎನ್ನುತ್ತಾರೆ. ಆದರೆ ಕರೆದ ಹೆಸರೇ ನಿಂತಿತು. ಹಾಪ್‌ವುಡ್ ಗ್ಲಾಸ್ಗೋಗೆ ಹೋದರು, 1968ರಲ್ಲಿ ನಾರ್ವಿಚ್‌ನ ಜಾನ್ ಇನ್ನೆಸ್ ಸಂಸ್ಥೆಗೆ ಬಂದರು, ಬ್ಯಾಕ್ಟೀರಿಯವೂ ಜೊತೆಗೇ ಬಂತು. ಲೋಕದ ಎಷ್ಟೋ ಪ್ರಯೋಗಾಲಯಗಳು ಅದನ್ನು ಸಾಕಿಕೊಂಡವು. ಸುಮಾರು ಐವತ್ತು ವರ್ಷದ ಈ ಒಡನಾಟದಲ್ಲಿ ಅದು ಮಾಡುವ ಆಂಟಿಬಯಾಟಿಕ್‌ಗಳೆಂದು ಗೊತ್ತಾದವು ನಾಲ್ಕು: ನೀಲಿಯ ಆಕ್ಟಿನೊರೋಡಿನ್, ಕೆಂಪಿನ ಅಂಡೆಸಿಲ್‌ಪ್ರೊಡಿಜಿಯೋಸಿನ್, ಕ್ಯಾಲ್ಸಿಯಂ ಇದ್ದರಷ್ಟೇ ಕೆಲಸ ಮಾಡುವ ಸಿಡಿಎ, ಮತ್ತು ಮೆಥಿಲೀನೊಮೈಸಿನ್. ಕೊನೆಯದರ ಜೀನ್‌ಗಳು ಕ್ರೋಮೊಸೋಮಿನಲ್ಲಿಲ್ಲ, ಪಕ್ಕದಲ್ಲಿ ಓಡಾಡುವ ಪ್ಲಾಸ್ಮಿಡ್ ಎಂಬ ದೊಡ್ಡದೊಂದು ಬಿಡಿ ಡಿಎನ್‌ಎ ತುಂಡಿನಲ್ಲಿವೆ.

ಈ ದೀರ್ಘ ಕೆಲಸದಿಂದ ಸಿಕ್ಕ ಒಂದು ತಿಳಿವಳಿಕೆ ಇಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ. ಒಂದು ಆಂಟಿಬಯಾಟಿಕ್ ಮಾಡಲು ಬೇಕಾದ ಜೀನ್‌ಗಳು ಡಿಎನ್‌ಎ ತುಂಬ ಚೆಲ್ಲಾಡಿರುವುದಿಲ್ಲ, ದ್ರಾಕ್ಷಿಯಂತೆ ಒಂದೇ ಕಡೆ ಗೊಂಚಲಾಗಿರುತ್ತವೆ. 1984ರಲ್ಲಿ ಆಕ್ಟಿನೊರೋಡಿನ್ನಿನ ಇಡೀ ಗೊಂಚಲನ್ನು ಕತ್ತರಿಸಿ, ಅದನ್ನು ಮಾಡಲಾರದ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ಗೆ ಸೇರಿಸಿದಾಗ ಅದೂ ಬಣ್ಣ ಬಿಟ್ಟಿತು. ಮಾಡುವ ಜೀನ್, ನಿಯಂತ್ರಿಸುವ ಜೀನ್, ತಯಾರಾದದ್ದನ್ನು ಹೊರಹಾಕುವ ಜೀನ್ ಎಲ್ಲ ಒಟ್ಟಿಗೇ ಇದ್ದವು.

ಅಟ್ಟದ ಬಾಗಿಲು

2002ರ ಮೇ ತಿಂಗಳಲ್ಲಿ ಈ ಬ್ಯಾಕ್ಟೀರಿಯದ ಪೂರ್ಣ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಬರಹ, ನೇಚರ್ ಪತ್ರಿಕೆಯಲ್ಲಿ ಬಂತು. ಹಿಂಕ್ಸ್‌ಟನ್‌ನ ಸ್ಯಾಂಗರ್ ಸಂಸ್ಥೆ ಮತ್ತು ನಾರ್ವಿಚ್‌ನವರು ಸೇರಿ ಮಾಡಿದ ಕೆಲಸ. ಕ್ರೋಮೊಸೋಮಿನ ಉದ್ದ 86,67,507 ಅಕ್ಷರ, ಅಂದಾಜಿಸಿದ ಜೀನ್‌ಗಳು 7,825. ನಾವು ಬ್ರೆಡ್ಡಿಗೆ ಹಾಕುವ ಯೀಸ್ಟ್ ನಮ್ಮ ಹಾಗೆಯೇ ಕೋಶಕೇಂದ್ರ ಇರುವ ಜೀವಿ. ಅದಕ್ಕೂ ಜೀನ್ ಇರುವುದು ಸುಮಾರು 6,000. ಮಣ್ಣಿನ ಒಂದು ಬ್ಯಾಕ್ಟೀರಿಯ ಅದನ್ನು ಮೀರಿಸಿತ್ತು. ಬಹುಪಾಲು ಬ್ಯಾಕ್ಟೀರಿಯಗಳ ಕ್ರೋಮೊಸೋಮ್ ಬಳೆಯಂತೆ ದುಂಡಗಿದ್ದರೆ ಇದರದು ಹಗ್ಗದಂತೆ, ಎರಡು ತುದಿಗಳಿರುವಂಥದು.

ಸಂಶೋಧಕರ ಕಣ್ಣು ನಿಂತಿದ್ದು ಇನ್ನೊಂದು ಲೆಕ್ಕದ ಮೇಲೆ. ಬದುಕಲು ನೇರವಾಗಿ ಬೇಡವಾದ, ಆದರೆ ಹೊರಜಗತ್ತಿನೊಡನೆ ಏಗಲು ಬೇಕಾದ ವಿಶೇಷ ಅಣುಗಳನ್ನು ಮಾಡುವ ಗೊಂಚಲುಗಳು ಅಲ್ಲಿ 20ಕ್ಕೂ ಹೆಚ್ಚಿದ್ದವು. ಬಹುಪಾಲು ಗೊಂಚಲುಗಳಿಂದ ಏನು ಹುಟ್ಟುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಐವತ್ತು ವರ್ಷ ಒಂದೇ ಮನೆಯಲ್ಲಿ ಬಾಡಿಗೆಗಿದ್ದವರಿಗೆ ಒಂದು ದಿನ ಮೇಲೆ ಅಟ್ಟವಿದೆ ಎಂದು ತಿಳಿದ ಹಾಗಾಯಿತು.

ಇದಕ್ಕೆ ಯಾಕಷ್ಟು ಸಡಗರ ಅಂದರೆ, ಆ ಹೊತ್ತಿಗೆ ಔಷಧ ಕಂಪನಿಗಳು ಮಣ್ಣಿನ ಮೇಲೆ ಬೇಸರಗೊಂಡಿದ್ದವು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಾಗಿನಿಂದ ದಾರಿ ಒಂದೇ: ಮಣ್ಣು ತಾ, ಬೆಳೆಸು, ರಸ ಹಿಂಡು, ರೋಗಾಣುವಿನ ಮೇಲೆ ಹಾಕು, ಅದು ಸತ್ತರೆ ರಸದಲ್ಲಿರುವುದೇನೆಂದು ಹುಡುಕು. ಮೊದಮೊದಲು ಬುಟ್ಟಿ ತುಂಬಿತು. ಆಮೇಲೆ ಹತ್ತು ಸಲ ಹುಡುಕಿದರೆ ಒಂಬತ್ತು ಸಲ ಹಳೆಯ ಅಣುವೇ ಕೈಗೆ ಬರುವಂತಾಯಿತು. ಈಗ ಜೀನೋಮ್ ಬಂದು, ನೀವು ಹಿಂಡಿದ ರಸದಲ್ಲಿ ಕಾಣದ್ದು ಇನ್ನೂ ಬೇಕಾದಷ್ಟಿದೆ ಎಂದಿತು. ಇದೆ ಎಂಬುದೇನೋ ಸರಿ, ಆದರೆ ಎಂದೂ ಕಾಣದ ಅಣುವನ್ನು ಹುಡುಕುವುದು ಹೇಗೆ? ಜೀನ್ ಓದಿ ಮೊದಲು ಊಹಿಸಿ, ಆಮೇಲೆ ಇದೇ ಬ್ಯಾಕ್ಟೀರಿಯದಲ್ಲಿ ಹುಡುಕಿ ತೆಗೆದ ಸೀಲಿಕೆಲಿನ್ ಎಂಬ ಅಣುವಿನ ಪ್ರಕರಣ ಈ ಪ್ರಶ್ನೆಗೆ ಸಿಕ್ಕ ಮೊದಮೊದಲ ಪೂರ್ಣ ಉತ್ತರಗಳಲ್ಲಿ ಒಂದು.

ಹೂ ಕಟ್ಟುವವರ ಸಾಲು

ಪೂರ್ಣ ಜೀನೋಮ್ ಪ್ರಕಟವಾಗುವ ಎರಡು ವರ್ಷ ಮೊದಲೇ, ಸ್ಯಾಂಗರ್ ಸಂಸ್ಥೆ ಓದಿದಷ್ಟನ್ನು ಓದಿದ ಹಾಗೆ ಸಾರ್ವಜನಿಕರ ಮುಂದಿಡುತ್ತಿದ್ದಾಗ, ಗ್ರೆಗ್ ಚಾಲಿಸ್ ಮತ್ತು ಜಾಕ್ ರವೆಲ್ ಎಂಬ ಸಂಶೋಧಕರು ಅದರಲ್ಲೊಂದು ಉದ್ದನೆಯ ಜೀನ್ ಗಮನಿಸಿದರು. ಅದಕ್ಕೆ ಈಗ ಸಿಸಿಎಚ್-ಎಚ್ ಎಂಬ ಹೆಸರು. ಅದು ಕೋಶದಲ್ಲಿ ಪ್ರೋಟೀನ್ ಕಟ್ಟುವ ಮಾಮೂಲಿ ಯಂತ್ರವಾದ ರೈಬೋಸೋಮಿನ ಹಂಗಿಲ್ಲದೆ ಅಮೈನೊ ಆಮ್ಲಗಳನ್ನು ಪೋಣಿಸುವ ದೈತ್ಯ ಕಿಣ್ವದ ಜೀನ್.

ಈ ಕಿಣ್ವದ ಕೆಲಸ ದೇವಸ್ಥಾನದ ಬೀದಿಯಲ್ಲಿ ಸಾಲಾಗಿ ಕೂತು ಹೂ ಕಟ್ಟುವವರ ಕೆಲಸದಂತೆ. ಮೊದಲನೆಯವಳ ಮುಂದೆ ಸೇವಂತಿಗೆ ಬುಟ್ಟಿ, ಎರಡನೆಯವಳ ಮುಂದೆ ಮಲ್ಲಿಗೆ, ಮೂರನೆಯವಳ ಮುಂದೆ ಕನಕಾಂಬರ ಎಂದುಕೊಳ್ಳಿ. ಪ್ರತಿಯೊಬ್ಬಳೂ ತನ್ನ ಬುಟ್ಟಿಯ ಹೂ ಮಾತ್ರ ಎತ್ತಿ ಗಂಟು ಹಾಕಿ, ದಾರವನ್ನು ಪಕ್ಕದವಳಿಗೆ ದಾಟಿಸುತ್ತಾಳೆ. ಕಿಣ್ವದಲ್ಲಿ ಒಬ್ಬೊಬ್ಬಳೂ ಒಂದೊಂದು ಮಾಡ್ಯೂಲ್, ಹೂವು ಎಂದರೆ ಅಮೈನೊ ಆಮ್ಲ. ಹೂ ಆರಿಸುವ ಭಾಗ, ಹಿಡಿದುಕೊಳ್ಳುವ ಭಾಗ, ಗಂಟು ಹಾಕುವ ಭಾಗ ಎಂದು ಅದರೊಳಗೇ ವಿಂಗಡಣೆ. ಕೆಲವರಿಗೆ ಹೂವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಇನ್ನೊಂದು ಕೈಯೂ ಇರುತ್ತದೆ. ಸಾಲಿನಲ್ಲಿ ಎಷ್ಟು ಜನ ಇದ್ದಾರೋ ಮಾಲೆಯಲ್ಲಿ ಅಷ್ಟು ಹೂ ಎಂಬುದು ಆಗಿನ ರೂಢಿಯ ಲೆಕ್ಕ.

ಬುಟ್ಟಿಯಲ್ಲಿ ಯಾವ ಹೂವಿದೆ ಎಂದು ಜೀನ್ ಓದಿ ಹೇಳಲು ಬರುತ್ತದೆಯೇ? ಅದಕ್ಕೊಂದು ಕೀಲಿ ಆಗಷ್ಟೇ ಸಿಕ್ಕಿತ್ತು. 1997ರಲ್ಲಿ ಗ್ರಾಮಿಸಿಡಿನ್ ಎಂಬ ಆಂಟಿಬಯಾಟಿಕ್ ಮಾಡುವ ಕಿಣ್ವದ ಹೂ ಆರಿಸುವ ಭಾಗ, ಫಿನೈಲಾಲನೈನ್ ಎಂಬ ಅಮೈನೊ ಆಮ್ಲ ಹಿಡಿದ ಭಂಗಿಯಲ್ಲೇ ಹರಳುಗಟ್ಟಿ ಕಂಡಿತು. ಆ ಹಿಡಿತದ ಗುಳಿಯ ಗೋಡೆಯಲ್ಲಿರುವ ಎಂಟು-ಹತ್ತು ಅಮೈನೊ ಆಮ್ಲಗಳು ಯಾವುವು ಎಂದು ನೋಡಿದರೆ, ಗುಳಿಗೆ ಯಾವ ಹೂ ಹೊಂದುತ್ತದೆಂದು ಹೇಳಬಹುದೆಂದು 1999 ಮತ್ತು 2000ರಲ್ಲಿ ಎರಡು ತಂಡಗಳು ತೋರಿಸಿದವು. ಎರಡನೆಯ ತಂಡದಲ್ಲಿ ಚಾಲಿಸ್ ಕೂಡ ಇದ್ದರು. ತಾನೇ ಮಾಡಿದ ಕೀಲಿಯನ್ನು ತಾನೇ ಬೀಗಕ್ಕೆ ಹಾಕಿ ನೋಡಿದ ಹಾಗೆ.

ಸಿಸಿಎಚ್-ಎಚ್‌ನಲ್ಲಿ ಇದ್ದವರು ಮೂವರು. ಮೊದಲನೆಯ ಗುಳಿಗೆ ಹೊಂದುವುದು ಫಾರ್ಮಿಲ್ ಮತ್ತು ಹೈಡ್ರಾಕ್ಸಿ ಎಂಬ ಪುಟ್ಟ ರಾಸಾಯನಿಕ ಗುಂಪುಗಳೆರಡೂ ಅಂಟಿದ ಆರ್ನಿಥಿನ್, ಎರಡನೆಯದಕ್ಕೆ ಥ್ರಿಯೊನಿನ್, ಮೂರನೆಯದಕ್ಕೆ ಬರೀ ಹೈಡ್ರಾಕ್ಸಿ ಅಂಟಿದ ಆರ್ನಿಥಿನ್. 2000ದಲ್ಲಿ ಇಬ್ಬರೂ ಮೂರು ಕೊಂಡಿಯ ಅಣುವೊಂದರ ಚಿತ್ರ ಬರೆದು, ಸೀಲಿಕೆಲಿನ್ ಎಂದು ಹೆಸರೂ ಇಟ್ಟು ಪ್ರಕಟಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಯಾರಾದರೂ ನಕ್ಕಿದ್ದರೆ ತಪ್ಪು ಹೇಳುವ ಹಾಗಿರಲಿಲ್ಲ. ಹೆಸರಿಟ್ಟ ಆ ವಸ್ತುವನ್ನು ಆಗ ಯಾರೂ ಕಂಡಿರಲಿಲ್ಲ.

ಕಬ್ಬಿಣ ಎಂಬ ಸುಳಿವು

ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಹೂವಿನ ಊಹೆಯನ್ನೇ ದೊಡ್ಡದು ಮಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ನೆರೆಹೊರೆಯ ಜೀನ್‌ಗಳು ಹೇಳಿದ ಮಾತು. ಸಿಸಿಎಚ್-ಎಚ್‌ನ ಅಕ್ಕಪಕ್ಕದಲ್ಲಿ ಆರ್ನಿಥಿನ್‌ಗೆ ಹೈಡ್ರಾಕ್ಸಿ ಅಂಟಿಸುವ ಜೀನ್ ಇತ್ತು, ಫಾರ್ಮಿಲ್ ಅಂಟಿಸುವುದು ಇತ್ತು, ಕಬ್ಬಿಣ ಹೊತ್ತ ಅಣುವನ್ನು ಕೋಶದೊಳಗೆ ಸೆಳೆಯುವ ಪಂಪುಗಳ ಜೀನ್‌ಗಳೂ ಇದ್ದವು. ಹೈಡ್ರಾಕ್ಸಿ ಹೊತ್ತ ಇಂಥ ಆರ್ನಿಥಿನ್ ಕಬ್ಬಿಣಕ್ಕೆ ಕೈ ಚಾಚುವ ಗುಂಪು. ಹುಟ್ಟುವ ಕೂಸು ಆಂಟಿಬಯಾಟಿಕ್ ಅಲ್ಲ, ಕಬ್ಬಿಣ ಹೊರುವ ಅಣು, ಅಂದರೆ ಸಿಡೆರೊಫೋರ್ ಎಂದು ಅಷ್ಟರಿಂದಲೇ ಹೇಳಬಹುದಿತ್ತು.

ಕಬ್ಬಿಣಕ್ಕೆ ಬ್ಯಾಕ್ಟೀರಿಯ ಇಷ್ಟು ಕಷ್ಟಪಡಬೇಕೇ ಎಂದು ಮಲೆನಾಡಿನವರೋ ಕರಾವಳಿಯವರೋ ಕೇಳಿದರೆ ಸರಿಯಾದ ಪ್ರಶ್ನೆಯೇ. ಕಾಲಿಟ್ಟಲ್ಲೆಲ್ಲ ಕೆಮ್ಮಣ್ಣು, ಮನೆಗೆ ಕಡಿದು ತರುವ ಜಂಬಿಟ್ಟಿಗೆ ಕಲ್ಲು ಕೂಡ ಕಬ್ಬಿಣದಿಂದಲೇ ಕೆಂಪು. ತೊಡಕು ಏನೆಂದರೆ ಅದೆಲ್ಲ ತುಕ್ಕಿನ ರೂಪದ ಕಬ್ಬಿಣ, ನೀರಿನಲ್ಲಿ ಕರಗುವುದಿಲ್ಲ. ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ನೀರಿನಲ್ಲಿ ಬಿಡಿಯಾಗಿ ಕರಗಿರುವ ಫೆರಿಕ್, ಅಂದರೆ ಆ ತುಕ್ಕಿನ ಬಗೆಯ ಕಬ್ಬಿಣದ, ಅಯಾನುಗಳು ಒಂದು ಲೀಟರಿಗೆ ಹೆಚ್ಚೆಂದರೆ ಕೆಲವು ಲಕ್ಷ. ಒಂದು ಬ್ಯಾಕ್ಟೀರಿಯ ಕೋಶಕ್ಕೇ ಹೆಚ್ಚುಕಡಿಮೆ ಅಷ್ಟು ಬೇಕು. ಅಂದರೆ ಕಬ್ಬಿಣದ ರಾಶಿಯ ಮೇಲೆ ಕೂತೇ ಉಪವಾಸ. ಹಾಗಾಗಿ ಅದು ಕಬ್ಬಿಣವನ್ನು ಇಕ್ಕಳದಂತೆ ಹಿಡಿಯುವ ಅಣುವನ್ನು ಹೊರಗೆ ಬಿಟ್ಟು, ಹಿಡಿದದ್ದನ್ನು ಪಂಪಿನಿಂದ ಒಳಗೆಳೆದುಕೊಳ್ಳುತ್ತದೆ. ಹೊಟ್ಟೆ ತುಂಬಿದ್ದಾಗ ಇಕ್ಕಳ ಮಾಡುವ ಜೀನ್‌ಗಳನ್ನು ಮುಚ್ಚಿಡುತ್ತದೆ.

ಹುಡುಕುವವನಿಗೆ ಬೇಕಾದ ಸೂಚನೆ ಇದೇ. ಪ್ರಯೋಗಾಲಯದ ಊಟದಲ್ಲಿ ಕಬ್ಬಿಣ ಧಾರಾಳವಾಗಿದ್ದರೆ ಐವತ್ತಲ್ಲ, ನೂರು ವರ್ಷ ಬೆಳೆಸಿದರೂ ಈ ಅಣು ಕಾಣುವುದಿಲ್ಲ. ಕಬ್ಬಿಣ ಕಸಿದುಕೊಂಡು ಬೆಳೆಸಬೇಕು.

ಹೇಳಿದಷ್ಟು ಸುಲಭವಲ್ಲ ಎಂಬುದಕ್ಕೆ ನನ್ನದೇ ಒಂದು ಪಾಡು ಹೇಳುತ್ತೇನೆ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನಾನು ಸಿಡೆರೊಫೋರ್ ನೋಡಲು ನೀಲಿ ಅಗಾರ್ ಪರೀಕ್ಷೆ ಮಾಡುತ್ತಿದ್ದೆ. ಅಗಾರ್‌ನ ನೀಲಿ ಬಣ್ಣ ಕಬ್ಬಿಣ ಕಟ್ಟಿಕೊಂಡ ಒಂದು ವರ್ಣದ್ರವ್ಯದ್ದು. ಬ್ಯಾಕ್ಟೀರಿಯ ಆ ಕಬ್ಬಿಣವನ್ನು ಕಿತ್ತುಕೊಂಡರೆ ಕಾಲೊನಿಯ ಸುತ್ತ ಕಿತ್ತಳೆ ಬಣ್ಣದ ಬಳೆ ಮೂಡುತ್ತದೆ. ಮೂರು ವಾರ ತಟ್ಟೆ ಹಾಕಿದರೂ ಬಳೆ ಬರಲಿಲ್ಲ. ತಳಿಯನ್ನು ಬೈದೆ, ರಾಸಾಯನಿಕದ ಬಾಟಲಿಯನ್ನು ಬೈದೆ. ಕಡೆಗೆ ನೋಡಿದರೆ ಫ್ಲಾಸ್ಕುಗಳನ್ನು ನಾನೇ ಬೋರ್‌ವೆಲ್ ನೀರಿನಲ್ಲಿ ತೊಳೆದು ಒಣಗಿಸುತ್ತಿದ್ದೆ. ಗಾಜಿನ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಕಬ್ಬಿಣ ಅಂಟಿತ್ತು. ಬ್ಯಾಕ್ಟೀರಿಯಕ್ಕೆ ಅಷ್ಟೇ ಸಾಕಾಗಿತ್ತು, ಇಕ್ಕಳ ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ ಮತ್ತೆ ಹಾಕಿದ ಮೇಲೆ ಬಳೆ ಬಂತು. ಅಲ್ಲಿಂದೀಚೆಗೆ ‘ಈ ಜೀನ್ ಕೆಲಸ ಮಾಡುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಮೊದಲು ಫ್ಲಾಸ್ಕ್ ತೊಳೆದವರು ಯಾರು ಎಂದು ಕೇಳುತ್ತೇನೆ.

ಎಣಿಕೆ ತಪ್ಪಿತು

2005ರಲ್ಲಿ ವಾರಿಕ್ ವಿಶ್ವವಿದ್ಯಾಲಯದಿಂದ ಸಿಲ್ವಿ ಲೋತ್ರು, ಚಾಲಿಸ್ ಮತ್ತು ಸಂಗಡಿಗರ ವರದಿ ಬಂತು. ಪ್ರಯೋಗದ ಹೆಣಿಗೆ ಸರಳ, ಅದಕ್ಕೇ ಚೆಂದ. ಒಂದು ಕಡೆ ಮಾಮೂಲಿ ಸೀಲಿಕಲರ್, ಇನ್ನೊಂದು ಕಡೆ ಸಿಸಿಎಚ್-ಎಚ್ ಜೀನನ್ನು ಕೆಡಿಸಿದ ಅದೇ ತಳಿ. ಎರಡನ್ನೂ ಕಬ್ಬಿಣದ ಬರದಲ್ಲಿ ಬೆಳೆಸಿದರು. ಕೋಶಗಳನ್ನು ಸೋಸಿ ತೆಗೆದು, ಉಳಿದ ದ್ರವಕ್ಕೆ ಫೆರಿಕ್ ಕಬ್ಬಿಣ ಬೆರೆಸಿದರು. ಇಕ್ಕಳ ಕಬ್ಬಿಣ ಹಿಡಿದರೆ ಕೆಂಗಂದು ಬಣ್ಣ ಬರುತ್ತದೆ, 435 ನ್ಯಾನೊಮೀಟರ್ ಬೆಳಕನ್ನು ಹೀರುತ್ತದೆ. ದ್ರವದಲ್ಲಿರುವ ಅಣುಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಆ ಬೆಳಕಿನಲ್ಲಷ್ಟೇ ನೋಡಿದರೆ ಸಾವಿರ ಅಣುಗಳ ಸಂತೆಯಲ್ಲೂ ಕಬ್ಬಿಣ ಹೊತ್ತವು ಮಾತ್ರ ತಲೆಯೆತ್ತುತ್ತವೆ. ಮಾಮೂಲಿ ತಳಿಯಲ್ಲಿದ್ದ ಒಂದು ಶಿಖರ ಕೆಡಿಸಿದ ತಳಿಯಲ್ಲಿ ಇರಲಿಲ್ಲ. ಐದು ವರ್ಷದ ಹಿಂದೆ ಹೆಸರಿಟ್ಟ ಕೂಸು ಅದೇ.

ಕೆಡಿಸಿದ ತಳಿ ಬದುಕಿದ್ದು ಹೇಗೆ ಎಂಬ ಅನುಮಾನ ಬರಬಹುದು. ಈ ಬ್ಯಾಕ್ಟೀರಿಯಕ್ಕೆ ಇನ್ನೊಂದು ಬಗೆಯ ಇಕ್ಕಳವೂ ಇದೆ, ಡೆಸ್‌ಫೆರಿಯಾಕ್ಸಮಿನ್. ಥಲಸ್ಸೇಮಿಯಾ ಇರುವ ಮಕ್ಕಳ ಮನೆಯವರಿಗೆ ಅದರ ಪರಿಚಯ ಬೇರೆ ಹೆಸರಿನಲ್ಲಿದೆ. ಪದೇ ಪದೇ ರಕ್ತ ಕೊಡಿಸಿ ಮೈಯಲ್ಲಿ ಕಬ್ಬಿಣ ಜಾಸ್ತಿಯಾದಾಗ ಅದನ್ನು ಹೊರತೆಗೆಯಲು ರಾತ್ರಿಯಿಡೀ ಚರ್ಮದಡಿ ಪಂಪಿನಲ್ಲಿ ಹಾಯಿಸುವ ಡೆಸ್ಫೆರಾಲ್ ಅದೇ ಅಣು, ಸೀಲಿಕಲರ್‌ನ ನೆಂಟ ಸ್ಟ್ರೆಪ್ಟೊಮೈಸಿಸ್ ಪೈಲೋಸಸ್‌ನಿಂದ ಬಂದದ್ದು.

ಇನ್ನು ತೂಕ. ಸೆರೆಸಿಕ್ಕ ಅಣುವಿನ ತೂಕ 565. ಊಹಿಸಿದ ಮೂರು ಕೊಂಡಿಯ ಅಣು ಅಷ್ಟು ಭಾರವಿರಲು ಸಾಧ್ಯವಿಲ್ಲ. 158ರಷ್ಟು ಹೆಚ್ಚಿತ್ತು, ಅಂದರೆ ಸರಿಯಾಗಿ ಇನ್ನೊಂದು ಫಾರ್ಮಿಲ್-ಹೈಡ್ರಾಕ್ಸಿ-ಆರ್ನಿಥಿನ್. ಕಟ್ಟುವವರು ಮೂವರು, ಮಾಲೆಯಲ್ಲಿ ಹೂವು ನಾಲ್ಕು! ಮೊದಲನೆಯವಳ ಸೇವಂತಿಗೆ ಎರಡು ಬಾರಿ ಬಂದಿತ್ತು.

ಅದೂ ದಾರದ ತುದಿಯಲ್ಲಿ ಅಲ್ಲ. ನಾಲ್ಕನೆಯ ಹೂವನ್ನು ಮೂರನೆಯ ಹೂವಿನ ಮಗ್ಗುಲಿಗೆ, ಅದರ ಹೈಡ್ರಾಕ್ಸಿ ಇರುವ ಜಾಗಕ್ಕೇ ಕಟ್ಟಲಾಗಿತ್ತು. ಯಾಕೆ ಅಲ್ಲಿಗೇ ಎಂಬುದು ರಸಾಯನದ ಲೆಕ್ಕ ಹಾಕಿದರೆ ಹೊಳೆಯುತ್ತದೆ. ಫೆರಿಕ್ ಕಬ್ಬಿಣಕ್ಕೆ ಆರು ಕಡೆಯಿಂದ ಹಿಡಿತ ಬೇಕು. ಹೈಡ್ರಾಕ್ಸಮೇಟ್ ಎಂಬ ಗುಂಪಿಗೆ ಎರಡು ಕೈ. ಅಂಥ ಮೂರಿದ್ದರೆ ಆರು ಕೈ, ಹಿಡಿತ ಭದ್ರ. ಫಾರ್ಮಿಲ್ ಅಂಟಿದ ಆರ್ನಿಥಿನ್ನಿನಲ್ಲಿ ಆ ಗುಂಪು ಸಿದ್ಧವಾಗಿರುತ್ತದೆ, ಬರೀ ಹೈಡ್ರಾಕ್ಸಿ ಇರುವುದರಲ್ಲಿ ಅರ್ಧ ಮಾತ್ರ. ನಾಲ್ಕನೆಯ ಹೂ ಆ ಅರ್ಧಕ್ಕೆ ಬಂದು ಅಂಟಿದ್ದರಿಂದ ಅದೂ ಪೂರ್ಣವಾಯಿತು, ತನ್ನದೊಂದು ಜೋಡಿ ಕೈಯನ್ನೂ ತಂದಿತು. ಮೊದಲನೆಯ ಹೂವಿನದು ಸೇರಿ ಮೂರು ಜೋಡಿ. 2000ದಲ್ಲಿ ಬರೆದ ಚಿತ್ರದಲ್ಲಿ ಆರು ಕೈ ಎಣಿಸಲು ತಿಣುಕಬೇಕಾಗುತ್ತದೆ. ಈಗ ಹಿಂತಿರುಗಿ ನೋಡುವವರಿಗೆ ಅದು ಎದ್ದು ಕಾಣುತ್ತದೆ. ಆದರೆ ಆಗ ಮೂರು ಮಾಡ್ಯೂಲಿಗೆ ಮೂರೇ ಕೊಂಡಿ ಎಂಬ ಪಾಠ ಎಷ್ಟು ಗಟ್ಟಿಯಿತ್ತೆಂದರೆ ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ಇನ್ನೊಂದು ವಿಚಿತ್ರವೂ ಇತ್ತು. ಮಾಲೆ ಮುಗಿದ ಮೇಲೆ ದಾರ ಕತ್ತರಿಸುವವರು ಬೇಕಲ್ಲ? ಇಂಥ ಕಿಣ್ವಗಳ ಕೊನೆಯಲ್ಲಿ ಸಾಧಾರಣವಾಗಿ ಆ ಕತ್ತರಿ ಇದ್ದೇ ಇರುತ್ತದೆ. ಸಿಸಿಎಚ್-ಎಚ್‌ನಲ್ಲಿ ಇಲ್ಲ. ಗೊಂಚಲಿನಲ್ಲೇ ಇದ್ದ ಸಿಸಿಎಚ್-ಜೆ ಎಂಬ ಬೇರೊಂದು ಪ್ರೋಟೀನ್ ಆ ಕೆಲಸ ಮಾಡುತ್ತದೆ ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಕತ್ತರಿ ಹಿಡಿದವಳು ಸಾಲಿನಲ್ಲಿ ಕೂತಿಲ್ಲ, ಪಕ್ಕದಲ್ಲಿ ನಿಂತಿದ್ದಾಳೆ. ಇಡೀ ಗೊಂಚಲನ್ನು ಸೀಲಿಕೆಲಿನ್ ಮಾಡದ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ಗೆ ಸೇರಿಸಿದಾಗ ಅದು ಸೀಲಿಕೆಲಿನ್ ಮಾಡತೊಡಗಿತು. ಬೇಕಾದವರೆಲ್ಲ ಆ ಗೊಂಚಲಿನೊಳಗೇ ಇದ್ದಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ 2000ದ ಊಹೆ ಗೆದ್ದಿತೋ ಸೋತಿತೋ? ಬುಟ್ಟಿಗಳಲ್ಲಿದ್ದ ಹೂವು ಮೂರೂ ಸರಿ. ಕೆಲಸ ಕಬ್ಬಿಣ ಹೊರುವುದು ಎಂಬುದೂ ಸರಿ. ಅಣುವಿನ ಚಿತ್ರ ಮಾತ್ರ ತಪ್ಪು. ಬರೀ ಆ ಚಿತ್ರವನ್ನೇ ನಂಬಿ, ಅದರ ತೂಕದ ಅಣುವಿಗಾಗಿ ದ್ರವವನ್ನೆಲ್ಲ ಜಾಲಾಡಿದ್ದರೆ ಖಾಲಿ ಕೈಯಲ್ಲಿ ಬರಬೇಕಿತ್ತು. ಕಾಪಾಡಿದ್ದು ತೂಕದ ಊಹೆಯಲ್ಲ, ಕಬ್ಬಿಣದ ಸುಳಿವು ಮತ್ತು ಕೆಡಿಸಿದ ತಳಿಯ ಪಕ್ಕದಲ್ಲಿಟ್ಟು ನೋಡಿದ ಹಳೇ ಕ್ರಮ. ಜೀನೋಮ್ ಓದಿದರೆ ಅಣುವಿನ ನಕ್ಷೆ ಸಿಕ್ಕೇಬಿಡುತ್ತದೆ ಎನ್ನುವವರ ಮಾತಿಗೆ ನಾನು ಪೂರ್ತಿ ತಲೆಯಾಡಿಸದಿರುವುದು ಇದಕ್ಕೇ. ಜೀನೋಮ್ ಇಲ್ಲಿ ಕೊಟ್ಟದ್ದು ವಿಳಾಸ. ಮನೆಯೊಳಗೆ ಯಾರಿದ್ದಾರೆಂದು ಬಾಗಿಲು ತಟ್ಟಿಯೇ ನೋಡಬೇಕಾಯಿತು.

ಅಟ್ಟದಲ್ಲಿ ಇನ್ನೇನಿತ್ತು

ಸೀಲಿಕೆಲಿನ್ ಔಷಧವಾಗಲಿಲ್ಲ. ಅಟ್ಟ ಹತ್ತಿದವರು ಚಿನ್ನದ ಡಬ್ಬಿಯ ಆಸೆಯಲ್ಲಿ ಹತ್ತಿದ್ದರು. ಸಿಕ್ಕಿದ್ದರಲ್ಲಿ ಹೆಚ್ಚಿನವು ಹಗ್ಗ, ಬುಟ್ಟಿ, ಗುದ್ದಲಿಯಂಥ ದಿನಬಳಕೆಯ ಸಾಮಾನು. ಒಂದು ಗೊಂಚಲು ಉಪ್ಪು ಹೆಚ್ಚಾದಾಗ ಕೋಶವನ್ನು ಕಾಯುವ ಎಕ್ಟೊಯಿನ್ ಮಾಡುತ್ತದೆ. ಇನ್ನೊಂದು ಕೋಶದ ಪೊರೆಗೆ ಸೇರುವ ಹೋಪನಾಯ್ಡ್ ಮಾಡುತ್ತದೆ. ಮತ್ತೊಂದರದು ಬೀಜಕಣದ ಬೂದಿ ಬಣ್ಣ. ಹೊಸ ಆಂಟಿಬಯಾಟಿಕ್‌ಗಳ ಖಜಾನೆ ಎಂದು ಪತ್ರಿಕೆಗಳು ಬರೆದದ್ದಕ್ಕೂ ಈ ಪಟ್ಟಿಗೂ ತಾಳೆಯಾಗುವುದಿಲ್ಲ. ಬ್ಯಾಕ್ಟೀರಿಯ ತನ್ನ ಬದುಕಿಗೆ ಬೇಕಾದ್ದನ್ನು ಮಾಡಿಕೊಂಡಿತ್ತು, ನಮ್ಮ ಆಸ್ಪತ್ರೆಗೆ ಬೇಕಾದ್ದನ್ನಲ್ಲ.

ಆದರೂ ಆ ಸಾಮಾನುಗಳಲ್ಲಿ ಒಂದರ ಮುಂದೆ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ಅದು ನಮಗೆಲ್ಲ ಗೊತ್ತಿರುವ ವಾಸನೆ. ಮಳೆಗೆ ಮಣ್ಣು ಬಿಡುವ ಕಂಪಿನ ಮುಖ್ಯ ಅಣು ಜಿಯೋಸ್ಮಿನ್, 1965ರಲ್ಲೇ ಬೇರ್ಪಡಿಸಿದ್ದರು. ಮನುಷ್ಯನ ಮೂಗು ಅದನ್ನು ಲಕ್ಷ ಕೋಟಿಗೆ ಕೆಲವೇ ಭಾಗವಿದ್ದರೂ ಹಿಡಿಯುತ್ತದೆ. ಕುಡಿಯುವ ನೀರಿಗೆ ಒಮ್ಮೊಮ್ಮೆ ಕೆಸರಿನ ವಾಸನೆ ಬರುವುದು ಇದರಿಂದಲೇ. ಅದನ್ನು ಮಾಡುವುದು ಹೇಗೆಂದು ಜೀನೋಮ್ ಬರುವವರೆಗೆ ತಿಳಿದಿರಲಿಲ್ಲ. ಸೀಲಿಕಲರ್‌ನ ಜೀನ್‌ಗಳಲ್ಲಿ ಕರ್ಪೂರ, ಶುಂಠಿಯ ಘಾಟಿನ ಕುಲಕ್ಕೆ ಸೇರಿದ ಅಣುಗಳನ್ನು ಸುತ್ತುವ ಕಿಣ್ವವೊಂದು ಕಂಡಿತು. 2003ರಲ್ಲಿ ನಾರ್ವಿಚ್‌ನಲ್ಲಿ ಆ ಜೀನ್ ತೆಗೆದುಹಾಕಿದರು, ತಟ್ಟೆಯ ವಾಸನೆ ಹೋಯಿತು. ಯಂತ್ರ ಬೇಕಿರಲಿಲ್ಲ, ಮೂಗೇ ಸಾಕಿತ್ತು.

ಇಲ್ಲೂ ಎಣಿಕೆಯ ತಕರಾರು ಇತ್ತು. ಆ ಕಿಣ್ವ ಹಿಡಿಯುವ ಕಚ್ಚಾವಸ್ತುವಿನಲ್ಲಿ 15 ಕಾರ್ಬನ್, ಜಿಯೋಸ್ಮಿನ್‌ನಲ್ಲಿ 12. ಉಳಿದ ಮೂರನ್ನು ಕಳಚುವ ಬೇರೆ ಕಿಣ್ವಗಳು ಇರಲೇಬೇಕೆಂದು ತೋರುತ್ತಿತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಕೇನ್ ತಂಡ 2006ರಿಂದ 2008ರ ನಡುವೆ ತೋರಿಸಿದ್ದು ಬೇರೆಯೇ. ಆ ಒಂದೇ ಪ್ರೋಟೀನಿನ ಮುಂಭಾಗ ಮೊದಲ ಸುತ್ತು ಸುತ್ತುತ್ತದೆ, ಹಿಂಭಾಗ ಮುಗಿಸುತ್ತದೆ, ಮೂರು ಕಾರ್ಬನ್ ಅಸಿಟೋನ್ ಆಗಿ ಕಳಚಿಬೀಳುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿರುವ ಅದೇ ಅಸಿಟೋನ್. ಈ ವಾಸನೆಯಿಂದ ಬ್ಯಾಕ್ಟೀರಿಯಕ್ಕೇನು ಲಾಭ ಎಂಬುದಕ್ಕೆ 2020ರಲ್ಲಿ ಒಂದು ಉತ್ತರ ಬಂತು. ಮಣ್ಣಿನಲ್ಲಿ ನೆಗೆದಾಡುವ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳು ವಾಸನೆ ಹಿಡಿದು ಬರುತ್ತವೆ, ಬ್ಯಾಕ್ಟೀರಿಯವನ್ನು ಮೇಯುತ್ತವೆ, ಮೈಗಂಟಿದ ಮತ್ತು ಹೊಟ್ಟೆ ಸೇರಿದ ಬೀಜಕಣಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆ.

ಇದೇ ದಾರಿಯಲ್ಲಿ ಬೇರೆಯವರೂ ನಡೆದರು. ಬೂಷ್ಟುಗಳಲ್ಲೂ ಗೊಂಚಲುಗಳಿವೆ, ಹೆಚ್ಚಿನವು ಬೀಗ ಜಡಿದು ಕೂತಿರುತ್ತವೆ. 2007ರಲ್ಲಿ ಜರ್ಮನಿಯಲ್ಲಿ ಆಸ್ಪರ್ಜಿಲಸ್ ನಿಡುಲಾನ್ಸ್‌ನ ಒಂದು ಗೊಂಚಲಿನ ನಿಯಂತ್ರಕ ಜೀನನ್ನು ಬಲವಂತವಾಗಿ ಚಾಲೂ ಮಾಡಿದಾಗ ಆಸ್ಪಿರಿಡೋನ್ ಎಂಬ ಅಣುಗಳು ಹೊರಬಂದವು. ಸಸ್ಯಗಳಲ್ಲಿ ಕಷ್ಟ ಜಾಸ್ತಿ, ಜೀನ್‌ಗಳು ಅಲ್ಲಿ ಬಹಳ ಸಲ ಚದುರಿರುತ್ತವೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹಿಮಾಲಯದ ಪೊಡೊಫಿಲಮ್ ಗಿಡದ ಎಲೆಗೆ ಗಾಯ ಮಾಡಿ, ಆಗ ಒಟ್ಟಿಗೇ ಎಚ್ಚರಾಗುವ ಜೀನ್‌ಗಳು ಯಾವುವೆಂದು ನೋಡಿ, ಅವನ್ನು ತಂಬಾಕಿನ ಜಾತಿಯ ಗಿಡದಲ್ಲಿ ಜೋಡಿಸಿದರು. ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧದ ಮೂಲದ್ರವ್ಯ ತಂಬಾಕಿನ ಎಲೆಯಲ್ಲಿ ಬಂತು. ಗೊಂಚಲು ಹುಡುಕುವ ಆಂಟಿಸ್ಮ್ಯಾಶ್ ಎಂಬ ಉಚಿತ ತಂತ್ರಾಂಶ 2011ರಿಂದ ಇದೆ. ಜೀನೋಮ್ ಕೊಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಪಟ್ಟಿ ತಯಾರು. ಚಾಲಿಸ್ ಮತ್ತು ರವೆಲ್ ಕೈಯಲ್ಲಿ ಹೊಂದಿಸಿ ನೋಡಿದ್ದನ್ನು ಅದು ತಾನೇ ಹೊಂದಿಸಿ, ಬುಟ್ಟಿಗಳಲ್ಲಿ ಯಾವ ಹೂವಿದೆ ಎಂದೂ ಹೇಳುತ್ತದೆ. ವಿದ್ಯಾರ್ಥಿಗಳು ಆ ಪಟ್ಟಿಯನ್ನೇ ಪ್ರಬಂಧದ ಫಲಿತಾಂಶ ಎಂದು ತಂದಿಟ್ಟಾಗ ನಾನು ಸೀಲಿಕೆಲಿನ್‌ನ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ, 2000ದ್ದು ಮತ್ತು 2005ರದ್ದು.

ಖಾಲಿ ಮಾಡಿಸಿದ ಮನೆ

ಸೀಲಿಕಲರ್‌ಗೆ ಕೊನೆಗೆ ಒದಗಿದ ಪಾತ್ರ ಯಾರೂ ಎಣಿಸಿರಲಿಕ್ಕಿಲ್ಲ. ಇಷ್ಟು ಚೆನ್ನಾಗಿ ಅರಿತ ಮನೆಯನ್ನು ಬೇರೆಯವರ ಗೊಂಚಲುಗಳಿಗೆ ಬಾಡಿಗೆ ಕೊಟ್ಟರೆ ಹೇಗೆ ಎಂಬ ಯೋಚನೆ ನಾರ್ವಿಚ್‌ನಲ್ಲಿ ಬಂತು. ಯಾವುದೋ ಸ್ಟ್ರೆಪ್ಟೊಮೈಸಿಸ್ ಬೆಳೆಯಲು ಹಟ ಮಾಡುತ್ತದೆ ಎನ್ನಿ, ಅದರ ಗೊಂಚಲನ್ನು ತಂದು ಇಲ್ಲಿ ಕೂರಿಸಬಹುದು. ಆದರೆ ಮನೆಯೊಡೆಯನ ನೀಲಿ, ಕೆಂಪುಗಳ ಗದ್ದಲದಲ್ಲಿ ಬಾಡಿಗೆದಾರನ ಅಣು ಕಾಣುವುದಿಲ್ಲ, ಕಚ್ಚಾವಸ್ತುವಿಗೂ ಪೈಪೋಟಿ. ಅದಕ್ಕೆ 2011ರಲ್ಲಿ ಎಂ1146 ಎಂಬ ತಳಿ ಮಾಡಿದರು. ಆಕ್ಟಿನೊರೋಡಿನ್, ಪ್ರೊಡಿಜಿಯೋಸಿನ್, ಸಿಡಿಎ ಗೊಂಚಲುಗಳನ್ನು ಕಿತ್ತರು. ಜೀನೋಮ್ ಓದಿದ ಮೇಲಷ್ಟೇ ಗೊತ್ತಾಗಿದ್ದ ಇನ್ನೊಂದನ್ನೂ ಕಿತ್ತರು. ಆ ನಾಲ್ಕನೆಯದು ಮಾಡುತ್ತಿದ್ದ ಹಳದಿ ಅಣು ಸೀಲಿಮೈಸಿನ್ನಿನ ರಚನೆ ಪೂರ್ತಿ ತಿಳಿದದ್ದು ಮರುವರ್ಷ, 2012ರಲ್ಲಿ.

ಎಂ1146 ಬೆಳೆದ ತಟ್ಟೆಯಲ್ಲಿ ನವಿರು ಏಳುತ್ತದೆ, ಬೂದಿ ಬಣ್ಣಕ್ಕೂ ತಿರುಗುತ್ತದೆ. ಅಗಾರ್ ಮಾತ್ರ ಹಾಕಿದಾಗಿನ ಬಣ್ಣದಲ್ಲೇ ಉಳಿಯುತ್ತದೆ, ಕಾಲೊನಿಯ ನೆತ್ತಿಯ ಮೇಲೆ ನೀಲಿ ಹನಿಯಿಲ್ಲ. ಬಾನಿನ ಬಣ್ಣದ್ದು ಎಂಬ ಹೆಸರಿಗೆ ಈಗ ಆಧಾರವಿಲ್ಲ. ಜಿಯೋಸ್ಮಿನ್ ಜೀನನ್ನು ಯಾರೂ ಮುಟ್ಟದ ಕಾರಣ, ಮುಚ್ಚಳ ಸರಿಸಿದರೆ ಮಣ್ಣಿನ ವಾಸನೆ ಹಾಗೇ ಬರುತ್ತದೆ.